ಹಳದಿ ಮೀನಿನ ಇಪ್ಪತ್ಮೂರು ದಿನ

ಕೊಂಢವಾ, ಪುಣೆ
ಶನಿವಾರ, 7 ಆಗಸ್ಟ್ 2004

ಚಿ. ಸೌ. ರೇಣುಗೆ,

ನಿನ್ನ ಅಣ್ಣ ಸಿದ್ದಾರೂಢನ ಆಶೀರ್ವಾದಗಳು. ಬಸವಲಿಂಗ ಅವರಿಗೆ ನನ್ನ ನಮಸ್ಕಾರ ಹೇಳು. ಸೊಲ್ಲಾಪುರದಿಂದ ನೀನು ಬರೆದ ಎರಡೂ ಪತ್ರ ಮುಟ್ಟಿವೆ, ಒಂದಕ್ಕೂ ಉತ್ತರ ಬರೆದಿಲ್ಲ. ಬೈಯುವುದಿದ್ದರೆ ಈಗಲೇ ಬೈದು ಮುಗಿಸಿಬಿಡು, ಮುಂದೆ ಓದಲು ಹಗುರಾಗುತ್ತದೆ. ಫೋನ್ ಮಾಡಬಹುದಿತ್ತು, ನಿಜ. ಆದರೆ ನೀನು 'ಮೀನು ಹ್ಯಾಂಗ ಅವ, ಸಪ್ನಾ ಹ್ಯಾಂಗ ಅದಾಳ' ಅಂತ ಎರಡೇ ಪ್ರಶ್ನೆ ಕೇಳಿ ಇಟ್ಟುಬಿಡುತ್ತೀ. ಮೂವತ್ತು ವರ್ಷ ಆಫೀಸಿನಲ್ಲಿ ಕುಳಿತು ಬರೆದವನು ನಾನು. ನನಗೆ ಬಾಯಿಗಿಂತ ಕಾಗದವೇ ಸಲೀಸು.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ಮೇ ತಿಂಗಳಲ್ಲಿ ನಿನ್ನ ಮೀನಿನ ಹದಿನೆಂಟು ಮರಿಗಳು ನನ್ನ ಕೈಯಿಂದ ಸತ್ತವು.

ಹೋದ ವರ್ಷ ಬಸವಲಿಂಗ ಅವರಿಗೆ ವರ್ಗವಾಗಿ, ಗಾಜಿನ ತೊಟ್ಟಿಯನ್ನು ನನ್ನ ಮನೆಯಲ್ಲಿ ಬಿಟ್ಟು ಹೊರಟಾಗ ನೀನು ಮೂರು ಮಾತು ಹೇಳಿದ್ದೆ. ನಲ್ಲಿ ನೀರು ಹಾಕಬೇಡ, ಬೋರ್ ನೀರೇ ಹಾಕು. ಕುದಿಸಿದ ಬಟಾಣಿ, ಪಾಲಕ್ ಬಿಟ್ಟು ಸಿಕ್ಕಿದ್ದೆಲ್ಲ ತಿನ್ನಿಸಬೇಡ. ಹೆಣ್ಣುಮೀನು ಆಹಾರ ಬಿಟ್ಟು ಗದ್ದ ಉಬ್ಬಿಸಿಕೊಂಡರೆ ಮುಟ್ಟಲೇಬೇಡ. ಮೊದಲೆರಡನ್ನು ನಾನು ಚಾಚೂ ತಪ್ಪದೆ ಪಾಲಿಸಿದ್ದೇನೆ. ನಮ್ಮ ಕೊಂಢವಾದ ಬೋರ್ ನೀರಿಗೆ ಇಡೀ ಸೊಸೈಟಿ ಶಾಪ ಹಾಕುತ್ತದೆ, ಪಾತ್ರೆಗಳೆಲ್ಲ ಬೆಳ್ಳಗೆ ಸುಣ್ಣ ಬಳಿದಂತಾಗುತ್ತವೆ. ಆ ಗಡಸು ನೀರೇ ನಿನ್ನ ಆಫ್ರಿಕಾದ ಮೀನುಗಳಿಗೆ ತವರಿನ ನೀರು ಅಂತೆ. ನೀನು ಇಲ್ಲೇ ಬಿಬವೇವಾಡಿಯಲ್ಲಿದ್ದಾಗ ಎಂಟು ವರ್ಷ, ಭಾನುವಾರಕ್ಕೊಮ್ಮೆ, ಸ್ಕೂಟರಿನ ಮೇಲೆ ಈ ನೀರಿನ ಎರಡು ಕ್ಯಾನ್ ಹೊತ್ತು ತಂದವನಿಗೆ ಅದನ್ನು ಮತ್ತೆ ಹೇಳಬೇಕೆ? ಕೆಟ್ಟದ್ದು ಮೂರನೆಯ ಮಾತಿನಲ್ಲಿ.

ನಿನಗೆ ಗೊತ್ತಿದ್ದದ್ದೇ. ಈ ಹಳದಿ ಮೀನು ಕಲ್ಲಿನ ಮೇಲೆ ಮೊಟ್ಟೆಯಿಟ್ಟು, ಆ ಕ್ಷಣವೇ ಎಲ್ಲವನ್ನೂ ಬಾಯಲ್ಲಿ ತುಂಬಿಕೊಳ್ಳುತ್ತದೆ. ಮೊಟ್ಟೆ ಒಡೆದು, ಮರಿ ಈಜಲು ಬರುವ ತನಕ, ಮೂರು ವಾರಕ್ಕೂ ಮೇಲೆ, ತಾಯಿಗೆ ಊಟವಿಲ್ಲ. ಆದರೆ ನಾನು ಕಣ್ಣಾರೆ ಕಂಡದ್ದು ಇದೇ ಮೊದಲು. ಒಂಬತ್ತನೇ ದಿನಕ್ಕೆ ಅದರ ಹೊಟ್ಟೆ ಒಳಕ್ಕೆ ಹೋಗಿತ್ತು. ನನ್ನ ಜೀವ ತಡೆಯಲಿಲ್ಲ. ಬಿಬವೇವಾಡಿಯ ಮೀನಂಗಡಿಯ ಅವಧೂತನನ್ನು ಹೋಗಿ ಕೇಳಿದೆ. ಎಲ್ಲರೂ ಹೀಗೇ ಮಾಡುತ್ತಾರೆ ಕಾಕಾ, ಒದ್ದೆ ಬಟ್ಟೆಯಲ್ಲಿ ಹಿಡಿದು ಕಡ್ಡಿಯಿಂದ ಬಾಯಿ ತೆಗೆದರೆ ಮರಿಗಳು ಹೊರಗೆ ಬೀಳುತ್ತವೆ ಅಂದ. ಹದಿನೆಂಟನೇ ದಿನದ ಮುಂಚೆ ಮಾತ್ರ ಕೈ ಹಚ್ಚಬೇಡಿ ಅಂತಲೂ ಅಂದ. ನಾನು ಅಷ್ಟು ಕಾಯಲಿಲ್ಲ, ಮರುದಿನವೇ ಅದರ ಬಾಯಿ ತೆಗೆಸಿದೆ. ಮರಿಗಳಿಗೆ ಹೊಟ್ಟೆಯಲ್ಲಿ ಮೊಟ್ಟೆಯ ಹಳದಿ ಗಂಟು ಇನ್ನೂ ಹಾಗೇ ಇತ್ತು, ಈಜಲು ಬಾರದೆ ತಳದಲ್ಲಿ ಮಿಡುಕುತ್ತಿದ್ದವು. ಎರಡು ದಿನದಲ್ಲಿ ಎಲ್ಲ ಮುಗಿಯಿತು.

ಅದಕ್ಕಿಂತ ನೋಡಲಾಗದ್ದು ತಾಯಿಯ ಪಾಡು. ನಾಲ್ಕು ದಿನ ಒಂದೊಂದೇ ಕಲ್ಲಿನ ಸಂದಿಗೆ ಹೋಗುವುದು, ಸಣ್ಣ ಹರಳು ಬಾಯಲ್ಲಿಟ್ಟುಕೊಳ್ಳುವುದು, ಉಗುಳುವುದು. ಬಟಾಣಿ ಹಾಕಿದರೆ ತಿರುಗಿಯೂ ನೋಡಲಿಲ್ಲ. ನಿನ್ನ ಅತ್ತಿಗೆ ಅಂಬಾ ರೊಟ್ಟಿ ಬಡಿಯುವುದನ್ನು ಬಿಟ್ಟು, ಹಿಟ್ಟಿನ ಕೈಯಲ್ಲೇ ಬಂದು ನಿಂತು ಅದನ್ನು ನೋಡಿದಳು. ನಿನ್ನ ವಸ್ತು ಎಂದು ಒಂದು ವರ್ಷ ತೊಟ್ಟಿಯ ಧೂಳನ್ನೂ ಒರೆಸದಿದ್ದವಳು ಅವಳು. ನನ್ನ ಕಡೆ ತಿರುಗಿ ಅಂದಳು:

"ಕೂಸು ಕೊಡೂದು ಬಿಡೂದು ಹಡದಾಕಿ ಕೈಯಾಗ ಇರಬೇಕ್ರಿ. ನಡುವ ನೀವ್ಯಾಕ ಕೈ ಹಾಕಿದ್ರಿ?"

ನಾನು ಕೆಳಗೆ ಹೋಗಿ ಸ್ಕೂಟರ್ ತೊಳೆದೆ.

ನೀನು ಮತ್ತು ಅಂಬಾ ಮುಖ ತಿರುಗಿಸಿಕೊಂಡು ಹನ್ನೊಂದು ವರ್ಷವಾಯಿತು. ಆಗ ನಮ್ಮ ಸಪ್ನಾ ಮೂರು ತಿಂಗಳ ಕೂಸು, ನೀನು ತೊಟ್ಟಿಲ ಹತ್ತಿರ ಕುಳಿತು 'ಅಣ್ಣಾ, ನಿನಗ ದೊಡ್ಡ ಮಗಳು ಅದಾಳಲ್ಲ, ಇದನ್ನ ನನಗ ಕೊಡು' ಎಂದು ಕೇಳಿದ್ದೆ. ಮದುವೆಯಾಗಿ ಒಂಬತ್ತು ವರ್ಷ ಯಾವ ವೈದ್ಯರೂ, ಯಾವ ಗುಡಿಯೂ ಉಳಿದಿರಲಿಲ್ಲ ನಿನಗೆ. ಕೂಸು ಸಿಗಲಿಲ್ಲ. ಎರಡು ವರ್ಷವಾದ ಮೇಲೆ ನಿನ್ನ ಮನೆಗೆ ಮೀನು ಬಂದವು. ಯಾಕೆ ತಂದೆ ಅಂತ ನಾನು ಕೇಳಲಿಲ್ಲ. ಅಂದಿನಿಂದ ಪಂಚಮಿಗೆ ಕರೆಯಲು ಬಂದರೆ ನೀನು ಬರುತ್ತೀ, ಉಡಿ ತುಂಬಿಸಿಕೊಳ್ಳುತ್ತೀ, ಒಂದು ಲೋಟ ನೀರು ಕುಡಿದು ಹೊರಡುತ್ತೀ. ನಮ್ಮ ಮನೆಯ ಅನ್ನ ಮುಟ್ಟಿಲ್ಲ. ಅವಳೂ ಅಷ್ಟೇ, 'ಊಟಕ್ಕ ಏಳ್ರಿ' ಎಂದು ಎರಡನೇ ಸಲ ಕರೆದವಳಲ್ಲ. ಹಟದಲ್ಲಿ ನೀವಿಬ್ಬರೂ ಒಬ್ಬರಿಗೊಬ್ಬರು ಬಿಟ್ಟುಕೊಡುವವರಲ್ಲ ಬಿಡು.

ಇರಲಿ, ಈಗ ಒಳ್ಳೆಯ ಸುದ್ದಿ ಕೇಳು. ಜುಲೈ ಮೊದಲ ವಾರ ಅದೇ ಹೆಣ್ಣುಮೀನು ಮತ್ತೆ ಬಾಯಿ ತುಂಬಿಕೊಂಡಿತು. ಮೊದಲು ಕಂಡವಳು ಅಂಬಾ. ನನ್ನನ್ನು ಕೇಳಲೂ ಇಲ್ಲ. ಅಟ್ಟದ ಮೇಲಿದ್ದ ನಿನ್ನ ಸಣ್ಣ ತೊಟ್ಟಿ ಇಳಿಸಿ, ತಿಕ್ಕಿ ತೊಳೆದು, ಬೋರ್ ನೀರು ತುಂಬಿದಳು. ಬಲೆ ಹಾಕಿದರೆ ಹೆದರಿ ಉಗುಳೀತು ಎಂದು ಡಬರಿಯಲ್ಲಿ ನೀರಿನ ಸಮೇತ ಮೀನನ್ನು ಎತ್ತಿ ಅದರೊಳಗೆ ಬಿಟ್ಟಳು. ಬೆಳಕು ಚುಚ್ಚಬಾರದೆಂದು ಮೂರು ಕಡೆ ತನ್ನ ಹಳೇ ಸೀರೆಯ ತುಂಡು ಕಟ್ಟಿದಳು. ನನಗೆ ಎರಡು ಮಾರು ದೂರದ ಗಡಿ. ಜೋಳ ಹಸನು ಮಾಡುವುದು, ಶೇಂಗಾ ಸುಲಿಯುವುದು ಎಲ್ಲ ಆ ತೊಟ್ಟಿಯ ಮುಂದೆಯೇ. ಬೀಗರ ಮನೆಯ ಸೀಮಂತಕ್ಕೂ ಹೋಗಲಿಲ್ಲ, ಕಾಲು ನೋಯುತ್ತದೆ ಎಂದು ಹೇಳಿ ಕಳಿಸಿದಳು. ಮೀನು ತೆಳ್ಳಗಾದಾಗ ನಾನು ಒಮ್ಮೆ ಹೌಹಾರಿ ಎದ್ದೆ. ಅವಳು ಸೊಪ್ಪು ಸೋಸುತ್ತಲೇ, ನನ್ನ ಬಾಣಂತನ ಎರಡು ನೋಡಿದವರು ಸುಮ್ಮನೆ ಕುಳಿತುಕೊಳ್ಳಿ ಎಂದಳು.

ಇಪ್ಪತ್ಮೂರನೇ ದಿನ ಸಂಜೆ, ಸಪ್ನಾ ಶಾಲೆಯಿಂದ ಬಂದು ಚೀಲವನ್ನೂ ಇಳಿಸಿರಲಿಲ್ಲ, ಕೂಗಿದಳು. ತಾಯಿ ಬಾಯಿ ತೆರೆದಿತ್ತು. ಒಂದು ಬಂತು, ಆಮೇಲೆ ಎರಡು, ಆಮೇಲೆ ಗುಂಪಿಗೆ ಗುಂಪು. ಅಕ್ಕಿ ನುಚ್ಚಿನಷ್ಟು ಗಾತ್ರ, ಅದಕ್ಕೇ ಎರಡು ಕಣ್ಣು. ನಾನು ಗಡಿ ಮರೆತು ಬಗ್ಗಿದೆ ನೋಡು, ನೆರಳು ಬಿದ್ದದ್ದೇ ತಡ, ಅಷ್ಟೂ ಮರಿ ಸರ್ರನೆ ತಾಯಿಯ ಬಾಯೊಳಗೆ. ಅಂಬಾ ನನ್ನ ಅಂಗಿ ಹಿಡಿದು ಹಿಂದೆ ಎಳೆದು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು. ಆಮೇಲೆ ಅಂದಳು:

"ರೇಣು ಇದ್ದಿದ್ರ ಎಷ್ಟ ಹಿಗ್ಗತಿದ್ಲು. ಈ ಪಂಚಮಿಗೆ ಕರಕೊಂಡ ಬರ್ರಿ. ಉಂಡು ಹೋಗಲಿ."

ಹನ್ನೊಂದು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಹೆಸರು ಬಂದದ್ದು ಇದೇ ಮೊದಲು. ನನಗೆ ಖುಷಿಯಾಗಬೇಕಿತ್ತು, ಮತ್ತೆ ಕೆಳಗೆ ಹೋಗಿ ಸ್ಕೂಟರ್ ತೊಳೆದೆ.

ಈ ಸಲ ಅಧಿಕ ಮಾಸ ಬಂದು ಹಬ್ಬ ತಡವಾಗಿದೆ. ಹದಿನೆಂಟಕ್ಕೆ ನಾನು ಸೊಲ್ಲಾಪುರಕ್ಕೆ ಬರುತ್ತೇನೆ. ನಾಲ್ಕು ದಿನದ ಸೀರೆ ಕಟ್ಟಿಕೋ. ಎಳ್ಳುಂಡಿ, ಶೇಂಗಾ ಉಂಡಿಗೆ ಬೆಲ್ಲ ಆಗಲೇ ಬಂದಿದೆ. ಸಪ್ನಾಗೆ ಹನ್ನೆರಡು ನಡೆಯುತ್ತಿದೆ, ಮಾತಿಗೆ ಮುಂಚೆ ಮರಾಠಿ. ಮರಿಗಳಿಗೆಲ್ಲ ಹೆಸರಿಡುವುದು ರೇಣು ಅತ್ತೀ ಕೆಲಸ ಎಂದು ಕಾದಿದ್ದಾಳೆ. ಇಪ್ಪತ್ತೊಂದು ಇವೆ, ಹೆಸರು ಯೋಚಿಸಿಕೊಂಡು ಬಾ.

ಮೈ ಜೋಪಾನ. ಬಿಸಿಲಿನ ಊರು, ನೀರು ಕುಡಿಯುತ್ತಿರು. ಸಿದ್ಧಾರೂಢ ಅಜ್ಜ ನಿಮ್ಮಿಬ್ಬರನ್ನೂ ತಂಪಾಗಿಟ್ಟಿರಲಿ.

ನಿನ್ನ ಅಣ್ಣ,
ಸಿದ್ದಾರೂಢ

ತಾ.ಕ.: ಭಾನುವಾರ, ಸಂಜೆ.

ಈ ಪತ್ರ ನಿನ್ನೆಯೇ ಪೆಟ್ಟಿಗೆಗೆ ಬೀಳಬೇಕಿತ್ತು. ಅಂಚೆ ಪೆಟ್ಟಿಗೆಯ ತನಕ ಹೋಗಿ ತಿರುಗಿ ಬಂದೆ. ನೀವಿಬ್ಬರೂ ಹಟಮಾರಿಗಳು ಎಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಅದನ್ನು ಹೊಡೆದುಹಾಕಿಲ್ಲ, ಇರಲಿ. ನಿನ್ನ ಅಣ್ಣ ಎಂಥವನೆಂದು ಗೊತ್ತಾಗಲಿ.

ನೀನು ಸಪ್ನಾಳನ್ನು ಕೇಳಿದ ದಿನ ಅಂಬಾ ಒಲ್ಲೆ ಅನ್ನಲಿಲ್ಲ, ರೇಣು. ಅತ್ತಳು, ಇಡೀ ದಿನ ಕೂಸನ್ನು ಮಡಿಲಿಂದ ಇಳಿಸಲಿಲ್ಲ, ಆಮೇಲೆ ಅಂದಳು: 'ಬಿಬವೇವಾಡಿ ಏನ್ ದೂರ ಅದ್ರಿ, ಕಣ್ಣ ಮುಂದ ಬೆಳೀತದ, ಕೊಡೂಣು.' ಕೂಸಿನ ಜೊತೆ ನಿನ್ನ ಮನೆಗೆ ಕಳಿಸಲೆಂದು ಅದರ ತಲೆಗೆ ಎರಡು ಕುಂಚಿಗೆ ಹೊಲಿದಿದ್ದಳು. ಕೊಡಲು ಮನಸ್ಸಾಗದವನು ನಾನು. ಅದನ್ನು ನಿನ್ನ ಮುಖ ನೋಡಿ ಹೇಳುವ ಧೈರ್ಯವಾಗಲಿಲ್ಲ. ನಿನ್ನ ಹತ್ತಿರ ಬಂದು 'ನಿನ್ನ ವೈನಿ ಒಲ್ಲೆ ಅಂತಾಳ' ಅಂದೆ. ಮನೆಗೆ ಹೋಗಿ ಅವಳಿಗೆ 'ಹೆಣ್ಣು ಕೂಸು ಬ್ಯಾಡ ಅಂತಾಳ ರೇಣು' ಅಂದೆ. ನೀನು ಅವಳ ಅನ್ನ ಬಿಟ್ಟದ್ದೂ, ಅವಳು ನಿನ್ನನ್ನು ಎರಡನೇ ಸಲ ಕರೆಯದೇ ಇದ್ದದ್ದೂ ಅದಕ್ಕೇ. ಎರಡೂ ಕಡೆ ಒಳ್ಳೆಯವನಾಗಿ ಉಳಿದವನು ನಾನೊಬ್ಬನೇ.

ಇಂದು ಬೆಳಿಗ್ಗೆ ಅಂಬಾಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. ಅಡಿಗೆ ಮಾಡಿದಳು, ನನಗೆ ಬಡಿಸಿದಳು, ತಾನು ಉಣ್ಣಲಿಲ್ಲ. ಮಧ್ಯಾಹ್ನ, ಹದಿನೆಂಟಕ್ಕೆ ಸೊಲ್ಲಾಪುರದ ಟಿಕೆಟ್ ತರುತ್ತೇನೆ ಎಂದು ಅಂಗಿ ಹಾಕಿಕೊಂಡೆ.

"ಎರಡ ತರ್ರಿ," ಅಂದಳು. "ನನಗೊಂದು, ಸಪ್ನಾಗೊಂದು. ನೀವ್ ಬರೂದು ಬ್ಯಾಡ."