ಮೇಲಿನ ಹಳ್ಳಿಗೆ ಹೊತ್ತ ಅಕ್ಕಿ

ಅಕ್ಕಾ,

ಕೋಟೆಪೇಟೆಗೆ ಸೊಸೆಯಾಗಿ ಬಂದ ಮೇಲೆ ಕಡಲಿನ ಸದ್ದಿಲ್ಲದೆ ನನಗಿನ್ನೂ ಸರಿಯಾಗಿ ನಿದ್ದೆ ಹತ್ತುವುದಿಲ್ಲ. ಮನೆಯ ಮುಂದೆ ಹಳೆಯ ದೊರೆ ತೋಡಿಸಿದ ಕಾಲುವೆಯಿದೆ. ನಿನ್ನೆ ಅದರ ನೀರನ್ನು ಪೇಟೆಯಲ್ಲಿ ಯಾರೂ ಮುಟ್ಟಲಿಲ್ಲ. ಹಿಂದೊಂದು ಬರಗಾಲದಲ್ಲಿ ಪೇಟೆಗೆ ಬೆಂಕಿ ಬಿದ್ದಾಗ, ಮೇಲಿನ ಹಳ್ಳಿಯವರು ಗದ್ದೆಗೆಂದು ಉಳಿಸಿಕೊಂಡಿದ್ದ ಕೆರೆಯ ನೀರನ್ನೆಲ್ಲ ಈ ಕಾಲುವೆಗೆ ಬಿಟ್ಟರಂತೆ. ಪೇಟೆ ಉಳಿಯಿತು. ಅವರ ಭತ್ತ ಒಣಗಿ, ಆ ಚಳಿಗಾಲ ಹಳ್ಳಿಯ ಅರ್ಧ ಜನ ಹಸಿವಿನಿಂದ ಸತ್ತರು.

ಅಂದಿನಿಂದ ಪ್ರತಿವರ್ಷ ಬೆಂಕಿ ಬಿದ್ದ ಆ ದಿನ ಕಾಲುವೆಯ ನೀರು ಮುಟ್ಟದಿರುವುದು, ಪೇಟೆಯ ಹೊಸ ಸೊಸೆಯೊಬ್ಬಳು ಅಲ್ಲಿಗೆ ಅಕ್ಕಿ ಹೊತ್ತೊಯ್ಯುವುದು ವಾಡಿಕೆ. ಈ ಸಲ ನಾನು ಹೋದೆ. ಆ ಚಳಿಗಾಲ ಸತ್ತವರ ಹೆಸರಲ್ಲಿ ನೆಟ್ಟ ಕಲ್ಲುಗಳ ಬಳಿ ಕಾದಿದ್ದ ಹಳ್ಳಿಯ ಇಸೆ ಅಜ್ಜಿ ಗಂಟು ಬಿಚ್ಚಿ, ಒಂದು ಬೊಗಸೆ ಅಕ್ಕಿಯನ್ನು ನನಗೇ ಹಿಂದಕ್ಕೆ ಕೊಟ್ಟರು.

"ಯಾಕಜ್ಜಿ, ಅಕ್ಕಿ ಚೆನ್ನಾಗಿಲ್ವಾ?" ಎಂದೆ.

"ಚೆನ್ನಾಗೇ ಇದೆ ಕಣೇ. ಪೂರ್ತಿ ತಗೊಂಡ್ರೆ ಋಣ ಹರಿದುಹೋಗುತ್ತೆ. ಆಮೇಲೆ ನೀವ್ಯಾಕೆ ಈ ಕಡೆ ತಲೆ ಹಾಕ್ತೀರಾ?"

ಒಂದೊಂದು ಕಲ್ಲಿನ ಹೆಸರನ್ನೂ ನನ್ನ ಬಾಯಲ್ಲಿ ಹೇಳಿಸಿದರು. ಎರಡು ಪುಟ್ಟ ಕಲ್ಲುಗಳಿಗೆ ಮಾತ್ರ ಹೆಸರಿರಲಿಲ್ಲ. ಅವು ಹೆಸರಿಡುವ ಮೊದಲೇ ಹೋದ ಕೂಸುಗಳದ್ದಂತೆ.

ಕಾರ್ಡಿನಲ್ಲಿ ಜಾಗವಿಲ್ಲ. ನನಗೀಗ ಮೂರು ತಿಂಗಳು, ವಾಂತಿ ನಿಂತಿದೆ ಎಂದು ಅಮ್ಮನಿಗೆ ಹೇಳು. ಹೆಸರೊಂದನ್ನು ಈಗಲೇ ಯೋಚಿಸಿಡಲಿ.

ನಿನ್ನ ತಂಗಿ,
ಶಿನೊ