ಕಪಿಲೆ ಮುಗಿಯುವ ಜಾಗ

ನನ್ನ ಕೈಗೆ ಮೊದಲು ನಟ್ಟು ತಿರುಗಿಸುವ ಪಾನಾ ಕೊಟ್ಟ ಅಣ್ಣನಿಗೆ,

ರಾಯಚೂರಿನ ಇಂಜಿನ್ ಕ್ಲಾಸಿನಲ್ಲಿ ಹತ್ತಿ ಮಿಲ್ಲಿನವರ ನಡುವೆ ನನ್ನನ್ನೂ ಕೂರಿಸಿ ಪಂಪಿನ ಪಾಠ ಮಾಡಿದ್ದು ನೆನಪಿದೆಯೇ? "ನಿಮ್ಮ ಕಪಲಿ ಎತ್ತು ಕಟ್ಟಿ ಬಾವ್ಯಾಗಿನ ನೀರು ಮ್ಯಾಲ ತರ್ತದ. ಪಂಪೂ ತರ್ತದ" ಎಂದೆ ನೀನು. ಎಲ್ಲರ ಮುಖ ಅರಳಿತು. ತಕ್ಷಣ ಮೇಜು ಕುಟ್ಟಿದೆ: "ಕಪಲಿ ಇಲ್ಲಿಗೆ ಮುಗೀತು! ಮುಂದ ಪಂಪಿನ ದಾರಿನೇ ಬ್ಯಾರೆ." ಆಮೇಲೆ ಆ ಸೀಸೆ ತೆಗೆದೆ. ತುಂಬ ನೀರು, ಬಾಯಿಗೆ ಬಿರಡೆ, ಅದರೊಳಗೊಂದು ಕೊಳವೆ, ಸುತ್ತ ಮೇಣ. ನಾವು ಎಷ್ಟು ಹೀರಿದರೂ ಗುಟುಕು ನೀರು ಬರಲಿಲ್ಲ. ನೀನು ಬಿರಡೆಗೆ ದಬ್ಬಣ ಚುಚ್ಚಿ ಗಾಳಿ ಬಿಟ್ಟೆ, ಬಂತು. ಪಂಪು ಎಳೆಯುವುದಿಲ್ಲ, ಹೊರಗಿನ ಗಾಳಿ ನೀರನ್ನು ನೂಕುತ್ತದೆ. ಆ ಗಾಳಿಯ ಕಸುವು ನಾಲ್ಕೈದು ಮಾರು ಎತ್ತರಕ್ಕೇ ಮುಗಿಯುತ್ತದೆ ಎಂದೆ.

ನೀನು ಹೋದ ಮೇಲೆ ನಿನ್ನ ಜಾಗಕ್ಕೆ ಬಂದ ಮಾಸ್ತರನನ್ನು ನೀನು ನೋಡಬೇಕಿತ್ತು. ಇಸ್ತ್ರಿ ಕೋಟು, ಎಣ್ಣೆ ಸೋಕದ ಉಗುರು. "ಕಪಲಿ, ಎತ್ತು! ಇದೇನ್ ಕ್ಲಾಸೋ ದನದ ಕೊಟ್ಟಿಗಿಯೋ?" ಎಂದು ನಕ್ಕ. ಎರಡು ತಿಂಗಳು ಪುಸ್ತಕ ಓದಿದ, ಯಾರಿಗೂ ಒಂದಕ್ಷರ ತಿಳಿಯಲಿಲ್ಲ. ಆಗ ನಾಚಿಕೆಯಿಲ್ಲದೆ ನಿನ್ನ ಕಪಿಲೆಯ ಹೋಲಿಕೆಯನ್ನೇ ಕದ್ದ. ಕದಿಯುವವನು ಪೂರ್ತಿಯಾದರೂ ಕದಿಯಬಾರದೇ? ಸೀಸೆಯ ಪಾಠ ಬಿಟ್ಟ!

ಮಾನ್ವಿಯ ಹತ್ತಿರ ಅವನ ಶಿಷ್ಯರು ನೀರು ಎಂಟು ಮಾರು ಕೆಳಗಿದ್ದ ಬಾವಿಯ ದಂಡೆಯ ಮೇಲೆ ಪಂಪು ಕೂರಿಸಿದರು. ನೀರು ಬರಲಿಲ್ಲ. ಕಪಿಲೆಗೆ ಹಗ್ಗ ಸಾಲದಿದ್ದರೆ ಹಗ್ಗ ಜೋಡಿಸುತ್ತೇವಲ್ಲ, ಹಾಗೆ ಪೈಪು ಜೋಡಿಸಿದರು. ಇನ್ನಷ್ಟು ಜೋಡಿಸಿದರು... ಮಾಸ್ತರ ಬಂದು ಏನೆಂದ ಗೊತ್ತೇ? "ಹಳೇ ಮಾಸ್ತರ ಕಲಿಸಿದ್ದೇ ಸುಳ್ಳು. ನಂದೇನೈತಿ?" ಸತ್ತವನು ಎದ್ದು ಬಂದು ಉತ್ತರ ಕೊಡುತ್ತಾನೆಯೇ? ಊರೆಲ್ಲ ನಿನ್ನ ಹೆಸರಿಗೆ ಮಸಿ.

ಮರುದಿನ ನಾನು ನಿನ್ನ ಸೀಸೆ ಹಿಡಿದು ಹೋದೆ. ಬಾವಿಯ ದಂಡೆಯಲ್ಲಿ ಎಲ್ಲರೆದುರು ಆ ಮಾಸ್ತರನಿಗೆ, "ಹೀರ್ರೀ ಸಾಹೇಬ್ರ" ಎಂದೆ. ಹೀರಿದ. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು.

"ಜೋರ್ ಹಾಕ್ರಿ, ಬೇಕಾದ್ರ ಕೋಟು ಕಳೀರಿ!" ಎಂದಳು ಹೊಲದ ಯಜಮಾನಿ.

ಅವನಿನ್ನೂ ಹೀರುತ್ತಿರುವಾಗಲೇ ದಬ್ಬಣ ಚುಚ್ಚಿದೆ. ನೀರು ಬಾಯಿಗೆ ನುಗ್ಗಿತು; ಕೆಮ್ಮಿ, ಕೋಟೆಲ್ಲ ತೊಯಿಸಿಕೊಂಡ. ಆಮೇಲೆ ಪಂಪನ್ನು, ನೀರಿಗೆ ನಾಲ್ಕು ಮಾರಿನೊಳಗೆ ಬರುವಂತೆ, ಬಾವಿಯೊಳಗಿನ ಕಟ್ಟೆಗೆ ಇಳಿಸಿದೆವು. ಸಂಜೆಯ ಹೊತ್ತಿಗೆ ಕಾಲುವೆ ತುಂಬಿತ್ತು.

ಈಗ ಅವನು ಕಪಿಲೆಯ ಹೆಸರೆತ್ತಿದರೆ ಸಾಕು, ಮಿಲ್ಲಿನವರೇ ಮೇಜು ಕುಟ್ಟುತ್ತಾರಂತೆ: "ಇಲ್ಲಿಗೆ ಮುಗೀತ್ರೀ ಸಾಹೇಬ್ರ!" ನಿನ್ನೆ ಮನೆಗೆ ಬಂದು ಸೀಸೆ ಕೇಳಿದ. ಮೊದಲು ಕ್ಲಾಸಿನಲ್ಲಿ ಬಾಯಿಬಿಟ್ಟು ನಿನ್ನ ಹೆಸರು ಹೇಳಲಿ, ಕೊಡುತ್ತೇನೆ ಅಣ್ಣಾ. ದಬ್ಬಣ ಮಾತ್ರ ನನ್ನ ಹತ್ತಿರವೇ ಇರುತ್ತದೆ.