ಕುಡಿತ ಬಿಟ್ಟವರಿಗೆ ಮಾತ್ರ ಮಂಚ

ಜಿಲ್ಲೆಯ ಆರೋಗ್ಯಾಧಿಕಾರಿಗಳೇ,

ಮಾನ್ಯರೇ, ಕುಡಿತ ಬಿಡಿಸಿಕೊಳ್ಳಲು ಬರುವವನು ಕುಡಿತ ಬಿಟ್ಟೇ ಬಂದಿರಬೇಕು ಎಂಬ ನಿಯಮವನ್ನು ತಮ್ಮ ಇಲಾಖೆಯಲ್ಲಿ ಯಾರು ಬರೆದರೋ ತಿಳಿಯದು. ಬರೆದವರನ್ನು ಮೆಚ್ಚಲೇಬೇಕು. ಅದರಿಂದಾಗಿ ನಮ್ಮ ಸರಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಫಲಿಸದ ಕುಡುಕ ಒಬ್ಬನೂ ಇಲ್ಲ; ಚಿಕಿತ್ಸೆ ಸಿಕ್ಕಿದವನೂ ಇಲ್ಲ. ಯಾವ ಆಸ್ಪತ್ರೆಯೆಂದು ಹೇಳುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳಲ್ಲಿ ಒಂದನ್ನು ಹೆಸರಿಸಿದರೆ ಉಳಿದೆರಡು ತಾಲೂಕಿನವರು ತಮ್ಮದು ಉತ್ತಮವೆಂದು ತಿಳಿದಾರು.

ಮಾವಿನಕುರ್ವೆಯ ಬೊಮ್ಮ ಇಪ್ಪತ್ತು ವರ್ಷ ದೋಣಿಯ ಚುಕ್ಕಾಣಿ ಹಿಡಿದವನು. ಈಗ ಬೆಳಿಗ್ಗೆ ಸಾರಾಯಿ ಹೊಟ್ಟೆಗೆ ಬೀಳದೆ ಅವನ ಕೈ ಚಹದ ಲೋಟವನ್ನೂ ಹಿಡಿಯದು. ಅವನ ಹೆಂಡತಿ ಸಣ್ಣಿ ನಮ್ಮ ಮನೆಗೆ ಮೀನು ತರುವವಳು. ಮಳೆಗಾಲಕ್ಕೆಂದು ದೋಣಿಯನ್ನು ದಡಕ್ಕೆಳೆದ ದಿನ ಅದರ ಯಜಮಾನ, ತಾಂಡೇಲ ಮಾದೇವ, ಅವಳೆದುರೇ ಹೇಳಿದನಂತೆ: "ನೂಲ ಹುಣ್ಣಿಮೆಗೆ ಕಡಲಿಗೆ ಕಾಯಿ ಬಿಡುವೊತ್ತಿಗೆ ಕೈ ನಿಂತ್ರೆ ಚುಕ್ಕಾಣಿ ನಿಂದೇಯ. ನಡುಗಿದ್ರೆ ದೋಣಿ ಮುಟ್ಟೂದು ಬ್ಯಾಡ. ಎಂಟು ಜನರ ಜೀವ ಅದೆ ಅದ್ರಲ್ಲಿ."

"ಮಾಸ್ತರ್ರೇ, ನಿಮಗೆ ಆಸ್ಪತ್ರೆಯವ್ರ ಭಾಷೆ ಬತ್ತದೆ, ಒಂದ್ಸಲ ಬನ್ನಿ" ಎಂದಳು ಸಣ್ಣಿ. ನನಗೆ ಬರುವುದು ಅನುವಾದಿತ ಕಾದಂಬರಿಗಳ ಭಾಷೆ. ಅವುಗಳಲ್ಲಿ ಕಚೇರಿಯಿಂದ ಕಚೇರಿಗೆ ಅಲೆದು ಸಾಯುವವರನ್ನು ಕಂಡಾಗ, ಇದೆಲ್ಲ ಹಿಮ ಬೀಳುವ ದೇಶಗಳ ಸಂಗತಿ ಎಂದುಕೊಂಡಿದ್ದೆ. ಬರಿಯ ಮಳೆಯಲ್ಲೂ ಅದು ಸಾಧ್ಯವೆಂದು ತೋರಿಸಿದ್ದಕ್ಕಾಗಿ ತಮಗೆ ಕೃತಜ್ಞ.

ಮೊದಲ ತಪ್ಪು ನಮ್ಮದೇ. ಹೊರಡುವ ಮುನ್ನ ಬೊಮ್ಮನ ಮನೆಯವರು ದಡದ ಮೇಲಿನ ಜಟಗ ದೇವರಿಗೆ ರೂಢಿಯಂತೆ ಸಾರಾಯಿ ಒಪ್ಪಿಸಿ, ಇನ್ನು ಕುಡಿಯುವುದಿಲ್ಲವೆಂದು ಅವನಿಂದ ಆಣೆ ಮಾಡಿಸಿದರು. ಆಣೆ ಆದ ಮೇಲೆ ಪ್ರಸಾದ ಬೇಡವೆನ್ನಲು ಬರುವುದಿಲ್ಲ. ಆಸ್ಪತ್ರೆಯ ಬಾಗಿಲಲ್ಲೇ ಕಂಪೌಂಡರರ ಮೂಗು ಚುರುಕಾಯಿತು.

"ಎಂತದಿದು? ಕುಡ್ದು ಬಂದವ್ರನ್ನ ಇಲ್ಲಿ ಸೇರ್ಸ್ಕಣುದಿಲ್ಲ."

"ಕುಡ್ದದ್ದಲ್ಲ ಸಾಯ್ಬ್ರೇ, ಜಟಗನ ಪ್ರಸಾದ. ಕುಡೂದಿಲ್ಲ ಅಂತ ಆಣೆ ಮಾಡೂಕೆ ಒಂದೇ ಗುಟುಕು" ಎಂದ ಬೊಮ್ಮ.

"ಹಂಗಾರೆ ನಿನ್ನ ದೇವ್ರನ್ನೂ ಕರ್ಕಂಡು ಬಾ. ಇಬ್ರದ್ದೂ ಚೀಟಿ ಒಟ್ಟಿಗೇ ಮಾಡ್ವ."

"ದೇವ್ರು ಬಂದ್ರೂ ನೀವು ಬಾಗ್ಲಲ್ಲೇ ನಿಲ್ಸೂರು ಬಿಡಿ" ಎಂದಳು ಸಣ್ಣಿ. ಮೂರು ದಿನ ಕುಡಿಸದೆ ಕರೆತರಬೇಕೆಂಬ ಆಜ್ಞೆ ಪಡೆದು ಮರಳಿದೆವು.

ಆಜ್ಞೆಯನ್ನು ಅಕ್ಷರಶಃ ಪಾಲಿಸಿದೆವು. ಎರಡನೆಯ ದಿನ ಬೊಮ್ಮನಿಗೆ ಮೈಯೆಲ್ಲ ನಡುಕ, ವಾಂತಿ. ಮೂರನೆಯ ದಿನ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಗೋಡೆಯಿಂದ ಏಡಿಗಳು ಇಳಿಯುತ್ತಿವೆಯೆಂದು ಕಾಲು ಮೇಲೆತ್ತಿಕೊಂಡ. ಕಂಪೌಂಡರರು ಈ ಸಲ ಮೂಸಿ ನೋಡಲಿಲ್ಲ. "ಇದು ತಲೆ ಕೆಟ್ಟ ಕೇಸು. ಘಟ್ಟದ ಮೇಲಿನ ದೊಡ್ಡ ಆಸ್ಪತ್ರೆಗೆ ಕರ್ಕಂಡು ಹೋಗಿ" ಎಂದು ಚೀಟಿ ಬರೆದರು. ಕುಡಿದು ಬಂದರೆ ಕುಡುಕ, ಕುಡಿಯದೆ ಬಂದರೆ ಹುಚ್ಚ. ತಮ್ಮ ಆಸ್ಪತ್ರೆಗೆ ಬೇಕಾದ ರೋಗಿ ಈ ಎರಡರ ನಡುವೆ ಎಷ್ಟು ಗಂಟೆಗೆ ಬರಬೇಕೆಂದು ಫಲಕದಲ್ಲಿ ಬರೆಸಿದರೆ ಅನುಕೂಲ.

ಆ ನಡುಕದವನನ್ನು ಹತ್ತಿಸಿಕೊಳ್ಳಲು ಬಸ್ಸಿನ ಕಂಡಕ್ಟರ್ ಒಪ್ಪಲಿಲ್ಲ. ಹಿಂದಕ್ಕೆ ಕರೆತಂದು ಸಣ್ಣಿಯೇ ಅವನ ಬಾಯಿಗೆ ಸಾರಾಯಿ ಹನಿಸಿದಳು. ಏಡಿಗಳು ಹೋದವು. ಅವಳು ಮಾತ್ರ ನನ್ನ ಮುಖ ನೋಡಲಿಲ್ಲ.

ಸರಕಾರದ ಪರವಾನಗಿಯ ಸಾರಾಯಿ ಅಂಗಡಿಯನ್ನು ತಾವು ಒಮ್ಮೆ ನೋಡಬೇಕು. ಚೀಟಿಯಿಲ್ಲ, ಸರದಿಯಿಲ್ಲ, ಘಟ್ಟ ಹತ್ತು ಎನ್ನುವವರಿಲ್ಲ. ಬಂದವನನ್ನು ಬಂದ ಸ್ಥಿತಿಯಲ್ಲೇ ಒಳಗೆ ಕರೆಯುತ್ತಾರೆ. ಒಂದೇ ಸರಕಾರದ ಎರಡು ಬಾಗಿಲುಗಳಲ್ಲಿ ಒಂದಕ್ಕೆ ಇಷ್ಟು ಸೌಜನ್ಯ ಕಲಿಸಿದವರು ಇನ್ನೊಂದಕ್ಕೆ ಏಕೆ ಕಲಿಸಲಿಲ್ಲ?

ಮರುದಿನ ನಾನೊಬ್ಬನೇ ಹೋಗಿ ವೈದ್ಯರನ್ನು ಕಂಡೆ. ಅವರು ಬಾಗಿಲು ಮುಂದೆ ಮಾಡಿ ನಿಜ ಹೇಳಿದರು: ಮನೆಯಲ್ಲಿ ಹೀಗೆ ಒಮ್ಮೆಲೇ ನಿಲ್ಲಿಸಿದರೆ ಜೀವವೇ ಹೋಗಬಹುದು, ಮಂಚದಲ್ಲಿಟ್ಟು, ಔಷಧ ಕೊಟ್ಟು, ಹಗಲಿರುಳು ನೋಡಿಕೊಳ್ಳುತ್ತ ಬಿಡಿಸಬೇಕು. ಔಷಧವಿದೆ, ಮಂಚವೂ ಖಾಲಿಯಿದೆ. ಇಲ್ಲದಿರುವುದು ತಮ್ಮ ಆದೇಶ. ಅಂದರೆ, ತಮ್ಮ ನಿಯಮ ಪಾಲಿಸಿ ನಾವು ಬೊಮ್ಮನನ್ನು ಮೂರು ದಿನ ಸಾಯಿಸಲು ನೋಡಿದ್ದೆವು.

ಆದ್ದರಿಂದ ಒಂದೇ ಬೇಡಿಕೆ. ಕುಡಿದು ಬಂದವನನ್ನು ಕುಡಿದಿದ್ದಾನೆಂಬ ಕಾರಣಕ್ಕೇ ಸೇರಿಸಿಕೊಳ್ಳಬೇಕು ಎಂದು ಒಂದು ಸಾಲು ಬರೆದು ಸಹಿ ಹಾಕಿ ಮೂರೂ ತಾಲೂಕಿನ ಆಸ್ಪತ್ರೆಗಳಿಗೆ ಕಳಿಸಿರಿ. ನೂಲ ಹುಣ್ಣಿಮೆಗೆ ನಾಲ್ಕು ವಾರವಿದೆ. ಆಗಸ್ಟ್ ಒಂದನೆಯ ತಾರೀಖು, ಸೋಮವಾರ, ಹೊಳೆ ದಾಟಿಸುವ ಮೊದಲ ದೋಣಿಗೆ ಬೊಮ್ಮನನ್ನು ಕರೆತರುತ್ತೇವೆ. ಈ ಸಲ ಅವನು ಕುಡಿದೇ ಬರುತ್ತಾನೆ. ಜೀವಂತ ಬರಬೇಕಾದರೆ ಬೇರೆ ದಾರಿಯಿಲ್ಲ. ಮಂಚ ಕೊಡುವವರೆಗೆ ನಾವು ಮೂವರೂ ಆ ಬೆಂಚಿನಿಂದ ಏಳುವುದಿಲ್ಲ.

ಇಂತಿ,
ತಮ್ಮ ನಿಯಮವನ್ನು ನಂಬಿ ಕೆಟ್ಟ,
ಹೊನ್ನಾವರದ ಒಬ್ಬ ಮಾಸ್ತರ
26 ಜುಲೈ 1983